ಕೊರಳಿಗೇರಿದ ಬೆಳ್ಳಿ

ಅಂಗಡಿಯಲ್ಲಿ ಕೆಲಸಕ್ಕಿದ್ದೆ ಎಂದರೆ ಜನ ಗಲ್ಲಾಪೆಟ್ಟಿಗೆಯ ಹತ್ತಿರ ಕೂತು ಬಟ್ಟೆ ಅಳೆಯುವ ಹೆಂಗಸನ್ನು ನೆನೆಸಿಕೊಳ್ಳುತ್ತಾರೆ. ನಾನು ಬಟ್ಟೆ ಅಳೆದವಳಲ್ಲ. ನನ್ನ ಕೆಲಸ ಹುಡುಕುವುದು. ಗಾಂಧಿ ಚೌಕದಲ್ಲಿದ್ದ ಮದುವೆ ಜವಳಿ ಮತ್ತು ಒಡವೆಗಳ ಅಂಗಡಿಯೊಂದಕ್ಕಾಗಿ, ಊರೂರಲ್ಲಿ ತಮ್ಮ ಪಾಡಿಗೆ ತಾವು ಕೂತು ಚೆಂದದ್ದನ್ನು ಮಾಡುತ್ತಿದ್ದವರನ್ನು ಹುಡುಕುವುದು. ಈಗ ಇಂಥವರಿಗೆ ಡಿಸೈನರ್ ಎನ್ನುತ್ತಾರಂತೆ. ನಮ್ಮ ಓಣಿಯ ಹುಡುಗಿಯರು ಕೆಲವರು ಕೂಡಿ ಅಂಥವರ ಮಾಲಿನ ಅಂಗಡಿ ತೆರೆಯುವವರಿದ್ದಾರೆ. ನೀವು ಹೇಗೆ ಹುಡುಕುತ್ತಿದ್ದಿರಿ ಎಂದು ಕೇಳಲು ಬಂದಿದ್ದರು. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮೂರು ಸರ್ಕಾರಿ ಕಾಗದಗಳಲ್ಲಿ ಬಿಜಾಪುರ, ನಮ್ಮ ಬಾಯಲ್ಲಿ ವಿಜಾಪುರ. ಅಪ್ಪ ಕಚೇರಿಯಲ್ಲಿ ಗುಮಾಸ್ತರು. ನಾನು ಮ್ಯಾಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ಅಂಗಡಿ ಮಲ್ಲಪ್ಪ ಸಾವಕಾರರದು. ಅದರ ಒಳಕೋಣೆ ಮಾತ್ರ ಅವರ ಅಕ್ಕ ಶಾಂತಕ್ಕನದು. ಹೆಂಗಸರು ಗಂಡಸರ ಕಣ್ಣಿಲ್ಲದೆ ಕೂತು ಸೀರೆ, ಕುಬಸ, ಒಡವೆ ಉಟ್ಟು ತೊಟ್ಟು ನೋಡುತ್ತಿದ್ದದ್ದು ಅಲ್ಲಿಯೇ. ಹಳ್ಳಿಯ ಮನೆಗಳ ಒಳಗೆ ಹೋಗಿ ಬರಲು ಶಾಂತಕ್ಕನಿಗೆ ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಪರಿಚಯದವರೊಬ್ಬರ ಮಾತಿನಿಂದ ನಾನು ಹೋದೆ.

ಮೊದಲ ದಿನ ಶಾಂತಕ್ಕ ನನಗೆ ಒಳಗೆ ಏನನ್ನೂ ತೋರಿಸಲಿಲ್ಲ. ಅಂಗಡಿಯ ಪಾವಟಿಗೆಯ ಮೆಟ್ಟಿಲ ಮೇಲೆ ಕೂರಿಸಿ ತಾವೂ ಪಕ್ಕದಲ್ಲಿ ಕೂತರು. ಸಂತೆಯ ದಿನ. ಎತ್ತಿನ ಚಕ್ಕಡಿಗಳು, ಟಾಂಗಾಗಳು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು.

"ಏನ ಕಾಣಸ್ತದ, ಕಮಲಾ?"

"ಮಂದಿ, ಶಾಂತಕ್ಕಾ."

"ಮಂದೀನ ಬಿಡು, ನಡಿಗಿ ನೋಡು. ಕುಬಸ ಜಗ್ಗಿಕೋತ, ಸೆರಗ ಸರಿ ಮಾಡಿಕೋತ ಹೋಗೂ ಹೆಂಗಸರನ್ನ ಬಿಟ್ಟ ಬಿಡು. ಯಾವಾಕಿ ತಾ ಏನ ತೊಟ್ಟೇನಿ ಅನ್ನೂದನ್ನ ಮರತ ನಡ್ಯಾಕತ್ತಾಳ, ಆಕೀದು ಯಾರ ಕೈಕೆಲಸ ಅಂತ ಕೇಳು."

ಹುಡುಗಿಯರೇ, ನನ್ನ ವಿದ್ಯೆಯ ಮುಕ್ಕಾಲು ಪಾಲು ಈ ಮಾತಿನಲ್ಲಿದೆ.

ಎಷ್ಟೋ ಬೆಳಗುಗಳನ್ನು ನಾನು ಆ ಪಾವಟಿಗೆಯ ಮೇಲೆ ಕಳೆದೆ. ನೋಡುತ್ತ ನೋಡುತ್ತ ಗದ್ದಲ ದೂರವಾಗುತ್ತಿತ್ತು. ಮುಖಗಳು ಕರಗಿ ಬಣ್ಣಗಳಷ್ಟೇ ಉಳಿಯುತ್ತಿದ್ದವು. ಹಸಿರಿನ ಹಿಂದೆ ಕುಂಕುಮದ ಕೆಂಪು, ಕೆಂಪಿನ ಹಿಂದೆ ಮಾಸಿದ ನೀಲಿ. ನಡುವೆ ಯಾರದೋ ಕಿವಿಯ ಮೇಲೆ ಬಿಸಿಲು ಒಂದು ಸಲ ಮಿನುಗಿ ಆರುತ್ತಿತ್ತು. ಕೂತಲ್ಲಿಯೇ ನಿದ್ದೆ ಮಾಡುತ್ತಾಳೆ ಎಂದು ಸಾವಕಾರರು ಗೊಣಗುತ್ತಿದ್ದರು. ನಾನು ನಿದ್ದೆ ಮಾಡುತ್ತಿರಲಿಲ್ಲ. ಆದರೆ ಎಚ್ಚರದಲ್ಲಿದ್ದೆ ಎಂದೂ ಹೇಳಲಾರೆ.

ಅಂಥ ಒಂದು ಬೆಳಗ್ಗೆ ಹಸಿರು ಖಣದ ಬಟ್ಟೆಯ ಕುಬಸವೊಂದು ನನ್ನ ಮುಂದೆ ಹಾದು ಹೋಯಿತು. ಖಣದ ಕೆಂಪು ಅಂಚು ಎರಡೂ ಭುಜಗಳಿಂದ ಇಳಿದು ಬೆನ್ನಿನ ನಡುವೆ ಬಂದು ಸೇರಿತ್ತು, ಎರಡು ಕೈ ಜೋಡಿಸಿದಂತೆ. ತೊಟ್ಟವಳು ನೀರಿನಂತೆ ನಡೆಯುತ್ತಿದ್ದಳು. ನಾನು ಎದ್ದೆ, ಯಾರಿಗೂ ಹೇಳದೆ ಆ ಬೆನ್ನಿನ ಹಿಂದೆ ಹೊರಟೆ. ಆಕೆ ಟಿಕೋಟಾ ಬಸ್ಸು ಹತ್ತಿದಳು. ನಾನೂ ಹತ್ತಿದೆ. ಗುಮ್ಮಟ ಹಿಂದೆ ಸರಿದು, ಎರಡೂ ಕಡೆ ಎರೆಮಣ್ಣಿನ ಹೊಲಗಳು ತೆರೆದುಕೊಂಡ ಮೇಲೆ ಆಕೆಯ ಪಕ್ಕದಲ್ಲಿ ಹೋಗಿ ಕೂತು, ನಿನ್ನ ಹೆಸರೇನು, ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸತೊಡಗಿದೆ. ಆಕೆ ನಾಚಿ ಸೆರಗು ಹೊದ್ದಳು. ಹಿಂದಿನ ಸೀಟಿನ ಮುದುಕಿ ಬಗ್ಗಿ ಕೇಳಿದಳು:

"ಹುಡುಗ ಏನ ಮಾಡ್ತಾನ್ರಿ?"

"ಯಾವ ಹುಡುಗ?"

"ನಿಮ್ಮ ತಮ್ಮಾರಿ. ಹೆಣ್ಣ ನೋಡಾಕ ಬಂದೀರಲ್ಲ!"

ಇಡೀ ಬಸ್ಸು ನಕ್ಕಿತು. ನನಗೆ ತಮ್ಮನೇ ಇಲ್ಲ ಎಂದರೂ ಯಾರೂ ನಂಬಲಿಲ್ಲ. ಅಂದಿನಿಂದ ನಾನು ಮೊದಲು ಅಂಗಡಿಯ ಹೆಸರು ಹೇಳುತ್ತಿದ್ದೆ, ಆಮೇಲೆ ಬಟ್ಟೆಯ ಮಾತು. ಹೆಸರು, ಮನೆತನ ಎಲ್ಲ ಕೊನೆಗೆ. ನೀವೂ ಹಾಗೆಯೇ ಮಾಡಿ.

ಬಸ್ಸಿನ ಹುಡುಗಿ ಹೇಳಿದ ಗುರುತಿನ ಮೇಲೆ, ಕುಬಸ ಹೊಲಿದವಳನ್ನು ಕಾಣಲು ಟಿಕೋಟಾದ ಆಚೆ ಹೊಲದ ಬದುವಿನ ಮೇಲೆ ಬಹಳ ದೂರ ನಡೆಯಬೇಕಾಯಿತು. ಆಕೆ ಗಂಗವ್ವ, ಕುರಿ ಸಾಕುವ ಮನೆಯವಳು. ಬೋರೆ ಗಿಡದ ಅರೆನೆರಳಿನಲ್ಲಿ ಕುರಿಗಳು ತಲೆ ತಗ್ಗಿಸಿ ನಿಂತಿದ್ದವು. ಆಕೆ ಕಾಲು ಚಾಚಿ ಕೂತು ಕೈಯಿಂದಲೇ ಹೊಲಿಯುತ್ತಿದ್ದಳು. ಮಗಳು ಲಕ್ಕವ್ವ ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು.

"ಇದನ್ನ ಯಾರ ಕಡೆ ಕಲತ್ರಿ?" ಎಂದೆ.

"ಯಾರ ಕಲಸ್ತಾರ್ರಿ ಬಾಯಾರ? ಕುರಿ ಬೆನ್ನಹತ್ತಿ ಹೊಂಟ್ರ ದಿನಾಪೂರ್ತಿ ಮುಂದ ಹೋಗಾಕಿ ಬೆನ್ನ ಕಣ್ಣಿಗೆ ಬೀಳತೈತಿ. ಬೆನ್ನ ಬರೇ ಇದ್ರ ಬ್ಯಾಸರ ಆಕೈತಿ. ಅದಕ್ಕ ಬೆನ್ನಿಗೆ ಹೊಲ್ಯಾಕ ಸುರು ಮಾಡಿದ್ನಿ."

ಸಾವಕಾರರು ಅದೇ ನಮೂನೆಯ ಕುಬಸಗಳನ್ನು ಒಂದು ಗಂಟು ತುಂಬ ಹೊಲಿದು ತರಲು ಹೇಳಿದರು. ಗಂಗವ್ವ ತಂದಳು. ಬಿಚ್ಚಿ ನೋಡಿದರೆ ಒಂದರಂತೆ ಇನ್ನೊಂದಿರಲಿಲ್ಲ. ಒಂದರ ಅಂಚು ಬೆನ್ನಿನ ಮೇಲೆ ಹಕ್ಕಿಯಂತೆ ಹಾರಿತ್ತು, ಇನ್ನೊಂದರದು ನೇಗಿಲ ಸಾಲಿನಂತೆ ಓರೆಯಾಗಿ ಇಳಿದಿತ್ತು.

"ನಾ ಕೇಳಿದ್ದ ಒಂದ ನಮೂನಿದು," ಎಂದು ಸಾವಕಾರರು ಸಿಟ್ಟಾದರು.

"ಬೆನ್ನ ಎಲ್ಲಾರವೂ ಒಂದ ನಮೂನಿ ಇರತಾವೇನ್ರಿ, ಸಾವಕಾರ್ರ?"

ಶಾಂತಕ್ಕ ನಡುವೆ ಬರಲಿಲ್ಲ. ಗಂಟನ್ನು ಒಳಕೋಣೆಗೆ ಒಯ್ದು, ಕಿಟಕಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಕುಬಸಗಳನ್ನು ತೂಗುಹಾಕಿದರು. ಗಾಳಿ ಬಂದಾಗ ಅವು ಉಸಿರಾಡುತ್ತಿದ್ದವು. ಬಂದ ಹೆಂಗಸರು ಬೇಕಾದ್ದನ್ನು ಹೇಳುವುದು ಬಿಟ್ಟು ಹಗ್ಗದ ಕೆಳಗೆ ಸುಮ್ಮನೆ ಅಡ್ಡಾಡತೊಡಗಿದರು. ಅಲ್ಲಿಯವರೆಗೆ ಕುಬಸಗಳನ್ನು ಮಡಿಸಿ, ಅಳತೆಯ ಪ್ರಕಾರ ಒಟ್ಟಿ ಇಡುವುದೇ ಎಲ್ಲ ಅಂಗಡಿಗಳ ಪದ್ಧತಿ. ನಮ್ಮ ಒಳಕೋಣೆಯಲ್ಲಿ ಆ ಪದ್ಧತಿ ಅಂದೇ ಮುಗಿಯಿತು.

ಬಬಲೇಶ್ವರದ ಅಕ್ಕಸಾಲಿಗ ಕಾಳಪ್ಪ ಪತ್ತಾರ ನನಗೆ ಸಿಕ್ಕಿದ್ದು ಅದರ ಮರುವರ್ಷ. ಅಲ್ಲಿಯ ಬಾವಿಯ ಹತ್ತಿರ ಒಬ್ಬ ಮುದುಕಿ ಕೊಡ ಎತ್ತಿಕೊಳ್ಳಲು ಕತ್ತು ಹೊರಳಿಸಿದಾಗ, ಆಕೆಯ ಕಿವಿಯ ಮೇಲ್ಭಾಗದ ಬುಗುಡಿ ಹೂವಿನಂತೆ ಬಿರಿದು ಮುಚ್ಚಿಕೊಂಡಂತೆ ಕಂಡಿತು. ವಿಚಾರಿಸಿಕೊಂಡು ಹೋದೆ. ಬೇವಿನ ಮರದ ಕೆಳಗೆ ಕುಲುಮೆ ಇಟ್ಟುಕೊಂಡು ಕೂತಿದ್ದ ಸಣಕಲು ಮನುಷ್ಯ, ನನಗಿಂತ ಹತ್ತಾರು ವರ್ಷ ದೊಡ್ಡವನಿರಬೇಕು. ಬುಗುಡಿಯ ಮಾತೆತ್ತಿದೆ.

"ಕುಂತ ಕಿವಿಗೆ ಒಡವಿ ಯಾರರೆ ಮಾಡ್ತಾರ್ರಿ, ಅಕ್ಕಾರ," ಎಂದ. "ನಾ ತಿರಗೂ ಕಿವಿಗೆ ಮಾಡತೇನಿ. ಹೆಣ್ಣಮಗಳು ಬಂದ್ರ ಮೊದಲ ನಾಕ ಮಾತ ಆಡಸ್ತೇನಿ, ಕತ್ತ ಹೆಂಗ ಹೊರಳತೈತಿ ಅಂತ ನೋಡಾಕ."

ಅವನ ಸರಗಳು, ಬುಗುಡಿಗಳು ನಮ್ಮ ಒಳಕೋಣೆಗೆ ಬಂದವು. ಅವನ್ನು ಕೊಂಡವರು ಕನ್ನಡಿಯ ಮುಂದೆ ಸುಮ್ಮನೆ ನಿಲ್ಲುತ್ತಿರಲಿಲ್ಲ. ತಿರುಗಿ ತಿರುಗಿ ನೋಡುತ್ತಿದ್ದರು. ಎರಡು ಮೂರು ವರ್ಷ ಹೀಗೆ ಸುಖವಾಗಿ ಕಳೆಯಿತು.

ಆಮೇಲೆ ಚೀನಾ ಯುದ್ಧ ಬಂತು, ಅದರ ಬೆನ್ನಿಗೆ ಬಂಗಾರದ ಕಾಯಿದೆ. ಹೊಸ ಒಡವೆಯಲ್ಲಿ ಬಂಗಾರ ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚು ಇರಕೂಡದು ಎಂದಾಯಿತು. ಆ ಬಂಗಾರದ ಬಣ್ಣವೇ ಜನರಿಗೆ ಹಿಡಿಸಲಿಲ್ಲ. ಮದುವೆಗಳಲ್ಲಿ ಅಜ್ಜಿಯರ ಹಳೆಯ ಒಡವೆಗಳೇ ಮತ್ತೆ ಹೊರಬಂದವು. ಪತ್ತಾರರ ಕುಲುಮೆಗಳು ಊರೂರಲ್ಲಿ ಆರಿದವು. ಸಾವಕಾರರು ಒಡವೆಯ ಕಪಾಟಿಗೆ ಬೀಗ ಹಾಕಿದರು. ನಾನು ಬಬಲೇಶ್ವರಕ್ಕೆ ಹೋದಾಗ ಬೇವಿನ ಕೆಳಗೆ ಕುಲುಮೆಯ ಕಪ್ಪು ಗುರುತಷ್ಟೇ ಇತ್ತು. ಕಾಳಪ್ಪನ ಹೆಂಡತಿ ಬಾಗಿಲಲ್ಲಿ ನಿಂತು, "ದುಡ್ಯಾಕ ಹೋಗ್ಯಾರ್ರಿ. ಎಲ್ಲಿ ಅಂತ ಹೇಳಬ್ಯಾಡ ಅಂದಾರ," ಎಂದಳು.

ಆ ಬೇಸಿಗೆ ಉದ್ದವಾಗಿತ್ತು. ಒಂದು ಮಧ್ಯಾಹ್ನ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ, ಮದುವೆಗೆ ಒಯ್ಯುವ ತಗಡಿನ ಟ್ರಂಕುಗಳನ್ನು ಬಿಸಿಲಿಗೆ ಸಾಲಾಗಿ ಇಟ್ಟಿದ್ದರು. ನೀಲಿ, ಹಸಿರು ಬಣ್ಣ ಬಳಿದ ಟ್ರಂಕುಗಳು. ಅವುಗಳನ್ನು ಬಳಸಿ ನಡೆಯುತ್ತಿದ್ದವಳು ನಿಂತುಬಿಟ್ಟೆ. ಒಂದು ಮುಚ್ಚಳದ ಅಂಚಿನಲ್ಲಿ ಮೊಳೆಯ ತುದಿಯಿಂದ ಹೊಡೆದ ಸಣ್ಣ ಸಣ್ಣ ಚುಕ್ಕೆಗಳು ಒಂದು ಜೋಳದ ತೆನೆಯಾಗಿದ್ದವು. ನಾನು ಪಕ್ಕಕ್ಕೆ ಸರಿದರೆ ತೆನೆಯೂ ಬಾಗುತ್ತಿತ್ತು. ಬೆಳಕು ಚುಕ್ಕೆಯಿಂದ ಚುಕ್ಕೆಗೆ ಹರಿದು ಗಾಳಿ ಬೀಸಿದಂತಾಗುತ್ತಿತ್ತು. ತಿರುಗುವ ಕಿವಿಗೆ ಒಡವೆ ಮಾಡುವವನ ಕೈ ಅದು, ಬೇರೆ ಯಾರದೂ ಆಗಿರಲು ಸಾಧ್ಯವಿರಲಿಲ್ಲ.

ಟ್ರಂಕುಗಳು ಇಬ್ರಾಹಿಂಪುರದಿಂದ ಬರುತ್ತವೆ ಎಂದು ತಿಳಿದು ಅಲ್ಲಿಗೆ ಹೋದೆ. ರೈಲು ಹಳಿಯ ಪಕ್ಕದ ಶೆಡ್ಡಿನಲ್ಲಿ ತಗಡು ಬಡಿಯುವ ಸದ್ದಿಗೆ ಕಿವಿ ಗುಂಯ್ಗುಡುತ್ತಿತ್ತು. ಕಾಳಪ್ಪ ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ಎದ್ದು ಹೊರಗೆ ಬಂದ. ಅವನ ಬೆರಳುಗಳಿಗೆ ತಗಡು ಕೊಯ್ದ ಗಾಯಗಳಿದ್ದವು. ಕೈಗಳನ್ನು ಅಂಗಿಯ ಕಿಸೆಯಲ್ಲಿ ಮುಚ್ಚಿಟ್ಟುಕೊಂಡ.

"ಹೆಂಗ ಗೊತ್ತ ಆತ್ರಿ?"

"ಟ್ರಂಕಿನ ಮ್ಯಾಲ ತೆನಿ ನೋಡಿದೆ."

"ಮಾಲಕ ಬೈತಾನ್ರಿ ಅದಕ್ಕ. ವ್ಯಾಳ್ಯಾ ಹಾಳ ಮಾಡತಿ ಅಂತಾನ. ಖರೇನ ಅಂತಾನ. ಆದ್ರ ಕೈ ಕೇಳೂದುಲ್ರಿ."

"ಅದನ್ನ ಬೆಳ್ಳ್ಯಾಗ ಮಾಡ್ರಿ, ಕಾಳಪ್ಪಾರ. ಕೊಳ್ಳಾಗ ಹಾಕ್ಕೊಳ್ಳಾಕ."

ಅವನು ನಕ್ಕ. ಆ ನಗುವಿನಲ್ಲಿ ಹುರುಪು ಇರಲಿಲ್ಲ. "ಬೆಳ್ಳಿ ಕಾಲಿಂದುರಿ, ಅಕ್ಕಾರ. ಕೊಳ್ಳಾಗ ಬೆಳ್ಳಿ ಹಾಕ್ಕೊಂಡ್ರ, ಬಡವರು, ಗತಿ ಇಲ್ಲದವರು ಅಂತಾರ ಮಂದಿ. ಯಾರ ಹಾಕ್ಕೋತಾರ?"

ಯಾರು ಹಾಕಿಕೊಳ್ಳುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ. ಒಂದು ಗೂಡ್ಸ್ ಗಾಡಿ ಬಂದು ನಮ್ಮ ಮುಂದೆ ಬಹಳ ಹೊತ್ತು ಹಾಯ್ದು ಹೋಯಿತು. ಅದು ಹೋದ ಮೇಲೆ ಅವನೇ ಹೇಳಿದ: "ಬೆಳ್ಳಿ ತಂದ ಕೊಡ್ರಿ. ನೋಡೂಣು."

ಶಾಂತಕ್ಕ ಮುರಿದ ಕಾಲ್ಗೆಜ್ಜೆಗಳನ್ನು ಕೂಡಿಸಿ ಕೊಟ್ಟರು. ಮಳೆಗಾಲ ಶುರುವಾಗುವ ಹೊತ್ತಿಗೆ ಕಾಳಪ್ಪ ಒಳಕೋಣೆಗೆ ಬಂದು, ಧೋತರದ ತುಂಡಿನಲ್ಲಿ ಸುತ್ತಿದ್ದನ್ನು ಚಾಪೆಯ ಮೇಲೆ ಬಿಚ್ಚಿದ. ಕಪ್ಪು ರೇಶಿಮೆಯ ದಾರದಲ್ಲಿ ಬೆಳ್ಳಿಯ ಜೋಳದ ಕಾಳುಗಳು. ಒಂದೊಂದು ಕಾಳಿಗೂ ಸಣ್ಣ ತಗ್ಗು, ತುದಿಯಲ್ಲಿ ಹೊಟ್ಟಿನ ಗೆರೆ. ನಡುವೆ ತೆನೆಯೊಂದು ತನ್ನ ಭಾರಕ್ಕೆ ತಾನೇ ಬಾಗಿತ್ತು. ಹೊರಗೆ ಮೋಡ ಮುಚ್ಚಿತ್ತು. ಕೋಣೆಯಲ್ಲಿದ್ದ ಬೆಳಕೆಲ್ಲ ಆ ಚಾಪೆಯ ಮೇಲೆ ಬಂದು ಕೂತಂತಿತ್ತು. ನಮ್ಮ ಕಡೆಯ ಬಿಳಿಜೋಳ ಹಾಲು ತುಂಬಿ ನಿಂತಾಗ ಬೆಳಗಿನ ಜಾವ ಹೇಗೆ ಕಾಣುತ್ತದೋ ಹಾಗೆಯೇ.

ಶಾಂತಕ್ಕ ಅದನ್ನು ಮುಟ್ಟಲಿಲ್ಲ. "ಇದನ್ನ ಮಾರೂದು ಹೆಂಗ ಅಂತ ತಿಳೀವಲ್ದು. ಆದ್ರ ಹಿಂದಕ ಕಳಸೂದು ನನ್ನ ಕಡೆ ಆಗೂದುಲ್ಲ," ಎಂದರು.

ಮಾರಾಟ ಆಗಲೇ ಇಲ್ಲ. ಹೆಂಗಸರು ಕೈಗೆ ತೆಗೆದುಕೊಳ್ಳುತ್ತಿದ್ದರು, ಕಣ್ಣು ಅರಳುತ್ತಿತ್ತು, ಬೆಳ್ಳಿ ಎಂದು ತಿಳಿದ ಕೂಡಲೇ ಕೆಳಗಿಡುತ್ತಿದ್ದರು. ಸುಗ್ಗಿ ಹತ್ತಿರ ಬಂದಾಗ ಗಂಗವ್ವ ಕುಬಸಗಳ ಗಂಟು ಹೊತ್ತು ಬಂದವಳು ಅದನ್ನು ಕಂಡಳು. ಕಾಳುಗಳನ್ನು ಬೆರಳಿನಿಂದ ಒಂದೊಂದೇ ಸರಿಸಿದಳು, ಜಪ ಮಾಡುವವಳಂತೆ.

"ನಮ್ಮ ಲಕ್ಕವ್ವಂದು ಮದಿವಿ ಕೂಡೇತ್ರಿ, ಇಟ್ಟಂಗಿಹಾಳಕ್ಕ. ಕರೀ ಖಣದಾಗ ಕುಬಸ ಹೊಲಿತೇನಿ, ಇದ ಕುಂಡ್ರೂವಂಗ ಕೊಳ್ಳ ಒಂಚೂರ ಕೆಳಗ ತಗೀತೇನಿ. ಇದನ್ನ ನನಗ ಕೊಡ್ರಿ."

ಆ ಕುಬಸ ತಯಾರಾದಾಗ ನಾನೇ ಸರವನ್ನು ಟಿಕೋಟಾಕ್ಕೆ ಒಯ್ದೆ. ನನ್ನ ದುರ್ದೈವಕ್ಕೆ ಅಂದೇ ಇಟ್ಟಂಗಿಹಾಳದ ಬೀಗಿತಿ, ಹುಡುಗನ ತಾಯಿ, ಸೀರೆ ನೋಡಲು ಬಂದಿದ್ದಳು. ಒಕ್ಕಲುತನದ ಗಟ್ಟಿ ಹೆಂಗಸು. ಸರವನ್ನು ನೋಡಿ ಆಕೆಯ ಮುಖ ಕಪ್ಪಿಟ್ಟಿತು.

"ನಮ್ಮತ್ತಿ ಕೊಳ್ಳಾಗ ಬೆಳ್ಳಿ ಹಾಕ್ಕೊಂಡ ಮಂದಿ ಹೊಲಕ್ಕ ಕೂಲಿ ಹೋಗತಿದ್ಲು, ಬೀಗಿತಿ. ಆ ದಿನಾ ಮುಗಸಾಕ ನಾವ ಹಗಲೆಲ್ಲಾ ದುಡದೇವಿ. ನನ್ನ ಸೊಸಿ ಬೆಳ್ಳಿ ಹಾಕ್ಕೊಂಡ ಬಂದ್ರ ಊರ ಮಂದಿ ಏನಂದಾರು?"

ಆಕೆಯ ಮಾತಿನಲ್ಲಿ ಸೊಕ್ಕಿರಲಿಲ್ಲ, ಹೆದರಿಕೆಯಿತ್ತು. ಗಂಗವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಮದುವೆಗೆ ಲಕ್ಕವ್ವನ ಚಿಕ್ಕಮ್ಮನ ಹಳೆಯ ಬಂಗಾರದ ಸರವನ್ನು ಕಡ ತರುವುದೆಂದು ತೀರ್ಮಾನವಾಯಿತು. ಲಕ್ಕವ್ವ ಬೆಳ್ಳಿಯ ಸರವನ್ನು ತಾನೇ ಎತ್ತಿ ಸಂದೂಕದಲ್ಲಿಟ್ಟಳು.

ಮದುವೆಗೆ ನಾನು, ಶಾಂತಕ್ಕ ಹೋಗಿದ್ದೆವು. ಅಕ್ಷತೆ ಬೀಳುವಾಗ ಹುಡುಗಿಯ ಕೊರಳಲ್ಲಿ ಚಿಕ್ಕಮ್ಮನ ಬಂಗಾರವೇ ಇತ್ತು. ಊಟ ಮುಗಿದು, ಹೆಣ್ಣು ಕಳಿಸುವ ಹೊತ್ತಾಯಿತು. ಇಟ್ಟಂಗಿಹಾಳದ ಚಕ್ಕಡಿಗಳು ಸಾಲಾಗಿ ನಿಂತಿದ್ದವು. ಲಕ್ಕವ್ವ ಚಕ್ಕಡಿ ಹತ್ತುವ ಮೊದಲು ನಿಂತಳು. ಬಂಗಾರದ ಸರ ಬಿಚ್ಚಿ ಚಿಕ್ಕಮ್ಮನ ಕೈಯಲ್ಲಿಟ್ಟಳು. ಸೊಂಟದ ಗಂಟಿನಿಂದ ಬೆಳ್ಳಿಯದನ್ನು ತೆಗೆದಳು.

"ಏನ ಮಾಡಾಕತ್ತಿ ಇದು?" ಎಂದಳು ಅತ್ತೆ.

"ಅದ ಕಡದ್ದರಿ ಅತ್ತಿ. ಕೊಡಬೇಕಲ್ಲ," ಎಂದಳು ಹುಡುಗಿ, ತಲೆ ತಗ್ಗಿಸಿಯೇ. "ಕಡದ ಸರ ಹಾಕ್ಕೊಂಡ ನಿಮ್ಮ ಮನಿ ಹೊಸ್ತಿಲ ದಾಟಿದ್ರ, ನಾಳಿಂದ ಬರೇ ಕೊಳ್ಳಲೆ ಇರಬೇಕಾಕೈತಿ. ಇದ ನಂದು."

ಕರಿಯ ಖಣದ ಮೇಲೆ ಬೆಳ್ಳಿಯ ಕಾಳುಗಳು ಕೂತವು. ಗಂಗವ್ವ ಕುಬಸದ ಕೊರಳನ್ನು ಎಷ್ಟು ತಗ್ಗಿಸಬೇಕೋ ಅಷ್ಟೇ ತಗ್ಗಿಸಿದ್ದಳು. ವಾಲಗದವರು ನುಡಿಸುವುದನ್ನು ನಿಲ್ಲಿಸಿದ್ದರು. "ಸೆರಗ ಹೊದ್ಕೊ," ಎಂದಳು ಅತ್ತೆ ಮೆಲ್ಲಗೆ. ಹುಡುಗಿ ಸೆರಗನ್ನು ತಲೆಯ ತುಂಬ ಹೊದ್ದಳು, ಕೊರಳನ್ನು ಬಿಟ್ಟು. ಚಕ್ಕಡಿಗಳು ಹೊರಟವು. ದಾರಿಯ ಎರಡೂ ಬದಿಗೆ ಬಿಳಿಜೋಳ ಆಳೆತ್ತರ ನಿಂತಿತ್ತು. ದೂರ ಹೋದಂತೆ ಚಕ್ಕಡಿಯಲ್ಲಿ ಕೂತ ಹುಡುಗಿ ಯಾವುದು, ಹೊಲ ಯಾವುದು ಎಂದು ತಿಳಿಯದಾಯಿತು. ಗಂಗವ್ವ ಅಳುವುದನ್ನು ಮರೆತು ನೋಡುತ್ತ ನಿಂತಿದ್ದಳು.

ಹುಡುಗಿಯ ಗತಿ ಏನಾಯಿತೋ ಎಂದು ಮುಂದಿನ ದಿನಗಳಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ. ಒಂದು ಬೆಳಗ್ಗೆ ಆ ಅತ್ತೆಯೇ ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ನಿಮ್ಮಿಂದ ನನ್ನ ಮನಿ ಸಂತಿ ಆಗೇತಿ!" ಎಂದಳು ಕೂರುವ ಮೊದಲೇ. "ಊರ ಹೆಂಗಸ್ರೆಲ್ಲಾ ಬಂದು ನನ್ನ ಸೊಸಿ ಕೊಳ್ಳ ಹಿಡಹಿಡದು ನೋಡಾಕತ್ತಾರ. ರೊಟ್ಟಿ ಬಡ್ಯಾಕ ಬಿಡವಲ್ರು. ಎಲ್ಲಿ ಮಾಡಸೀರಿ, ಯಾರ ಮಾಡ್ಯಾರ ಅಂತ ಕೇಳಿ ಕೇಳಿ ನನ್ನ ಬಾಯಿ ಬತ್ತೇತಿ. ಅವರಿಗೆಲ್ಲಾ ನೀವ ಒಂದೊಂದ ಕೊಟ್ಟ ಕಳಸ್ರಿ, ನಮಗ ಕೆಲಸ ಮಾಡಾಕ ಬಿಡಲಿ."

ಬಾಗಿಲ ಹಿಂದೆ ಇಟ್ಟಂಗಿಹಾಳದ ಹೆಂಗಸರು ಆಗಲೇ ಚಪ್ಪಲಿ ಬಿಡುತ್ತಿದ್ದರು. ಶಾಂತಕ್ಕ ಮುಖ ತಿರುಗಿಸಿ ಸೆರಗಿನಲ್ಲಿ ನಕ್ಕರು. ಅತ್ತೆಗೆ ನೀರು ಕೊಟ್ಟೆ. ಕುಡಿದು, ಬೇರೆ ದನಿಯಲ್ಲಿ ಹೇಳಿದಳು: "ಛಲೋ ಕಾಣಸ್ತಾಳ್ರಿ ಹುಡುಗಿ."

ಕಾಳಪ್ಪ ಇಬ್ರಾಹಿಂಪುರದ ಶೆಡ್ಡು ಬಿಟ್ಟು ಬಬಲೇಶ್ವರಕ್ಕೆ ಮರಳಿದ. ಬೇವಿನ ಕೆಳಗೆ ಮತ್ತೆ ಕುಲುಮೆ ಹೊತ್ತಿತು. ಅವನು ತೆನೆಯ ಸರ ಮಾಡುತ್ತಿದ್ದ, ಗಂಗವ್ವ ಅದಕ್ಕೆ ತಕ್ಕ ಕೊರಳಿನ ಕುಬಸ ಹೊಲಿಯುತ್ತಿದ್ದಳು. ಒಬ್ಬರ ಕೆಲಸವನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತ ನಾನು ಟಿಕೋಟಾದಿಂದ ಬಬಲೇಶ್ವರಕ್ಕೆ, ಬಬಲೇಶ್ವರದಿಂದ ಊರಿಗೆ ತಿರುಗುತ್ತಿದ್ದೆ. ಆ ಬಸ್ಸುಗಳ ಕಿಟಕಿಯಲ್ಲಿ ನಾನು ಕಂಡಷ್ಟು ಹಗಲುಗನಸುಗಳನ್ನು ಮತ್ತೆಲ್ಲೂ ಕಂಡಿಲ್ಲ.

ಕೆಲವು ವರ್ಷಗಳ ಮೇಲೆ ಬಂಗಾರದ ಕಾಯಿದೆ ಸಡಿಲಾಯಿತು. ಸಾವಕಾರರು ಬಹಳ ಖುಷಿಯಿಂದ ಕಪಾಟಿನ ಬೀಗ ತೆಗೆದರು. ದೊಡ್ಡ ಮನೆಯೊಂದರಿಂದ ಬೇಡಿಕೆ ಬಂದಿತ್ತು: ಅದೇ ತೆನೆಯ ಸರ, ಆದರೆ ಅಪ್ಪಟ ಬಂಗಾರದಲ್ಲಿ. ಕಾಳಪ್ಪ ಮಾಡಿ ತಂದ. ಒಳಕೋಣೆಯ ಚಾಪೆಯ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಬೆಳ್ಳಿಯದೊಂದನ್ನು ಇಟ್ಟ. ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇದರಾಗ ಏನ ಕಾಣಸ್ತೈತ್ರಿ, ಅಕ್ಕಾರ?" ಎಂದ, ಬಂಗಾರದ್ದನ್ನು ತೋರಿಸಿ.

ನಾನು ಬಹಳ ಹೊತ್ತು ನೋಡಿದೆ. "ಬಂಗಾರ," ಎಂದೆ.

"ಇದರಾಗ?" ಎಂದ, ಬೆಳ್ಳಿಯದನ್ನು ಮುಟ್ಟಿ.

"ತೆನಿ."

ಅವನು ತಲೆದೂಗಿದ. ಬೇಸರವೇನೂ ಪಡಲಿಲ್ಲ. ಬಂಗಾರದ್ದನ್ನು ಸಾವಕಾರರಿಗೆ ಒಪ್ಪಿಸಿದ. ಅಂಥದ್ದು ಇನ್ನೂ ಬೇಕು ಎಂದು ಅವರು ಹೇಳಿದಾಗ, "ಬ್ಯಾರೆ ಏನ ಹೇಳಿದ್ರೂ ಬಂಗಾರದಾಗ ಮಾಡಕೊಡತೇನ್ರಿ. ಇದ ಮಾತ್ರ ಬ್ಯಾಡ್ರಿ," ಎಂದ. ಸಾವಕಾರರು ಶಾಂತಕ್ಕನ ಕಡೆ ನೋಡಿದರು. ಶಾಂತಕ್ಕ ಕುಬಸಗಳನ್ನು ಹಗ್ಗಕ್ಕೆ ಹಾಕುವುದರಲ್ಲಿ ಮಗ್ನರಾಗಿದ್ದರು.

ಅಂದು ನನಗೂ ಬಬಲೇಶ್ವರದಲ್ಲಿ ಕೆಲಸವಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಚಳಿಗಾಲದ ಇಳಿಹೊತ್ತು. ಎರಡೂ ಕಡೆ ಜೋಳ ಹಾಲುಗಾಳು ಕಟ್ಟಿತ್ತು. ಬೆಳಕು ಓರೆಯಾಗಿ ಬಿದ್ದು, ಇಡೀ ಬಯಲು ಒಮ್ಮೆ ಹಸಿರಾಗಿ ಒಮ್ಮೆ ಬೆಳ್ಳಗಾಗಿ ತಿರುಗುತ್ತಿತ್ತು. ಕಾಳಪ್ಪ ಕಿಟಕಿಗೆ ಮುಖ ಹಚ್ಚಿ ಕೂತಿದ್ದ. ಊರು ಇನ್ನೂ ದೂರವಿತ್ತು. ಅವನು ಒಮ್ಮೆಲೇ ಎದ್ದು, "ಹೋಲ್ಡಾನ್, ಹೋಲ್ಡಾನ್!" ಎಂದು ಕೂಗಿದ.

"ಇಲ್ಲೇನೈತೋ ಮಾರಾಯ, ಊರಿಲ್ಲ ಕೇರಿಲ್ಲ?" ಎಂದ ಕಂಡಕ್ಟರ್.

"ಗಾಳಿ ಬಿಟ್ಟೈತ್ರಿ," ಎಂದ ಕಾಳಪ್ಪ. "ಸಾಲಿನ ನಡುವ ನಿಂತ ತೆನಿ ನೋಡಬೇಕು. ನೀವ ಹೋಗ್ರಿ ಅಕ್ಕಾರ, ನಾ ನಡಕೋತ ಬರತೇನಿ."

ಅವನು ಇಳಿದು ಬದು ದಾಟಿ ಜೋಳದೊಳಗೆ ಹೊಕ್ಕ. ಸ್ವಲ್ಪ ಹೊತ್ತು ತೆನೆಗಳ ಮೇಲೆ ಅವನ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ಆಮೇಲೆ ಗಾಳಿ ಬೀಸಿತು. ಬಯಲೆಲ್ಲ ಒಟ್ಟಿಗೇ ಕತ್ತು ಹೊರಳಿಸಿತು. ಟೊಪ್ಪಿಗೆ ಎಲ್ಲಿ ಎಂದು ನಾನು ಹುಡುಕುತ್ತಿರುವಾಗಲೇ ಬಸ್ಸು ಹೊರಟಿತು.